ಫ್ರೆಂಚ್ ಕ್ರಿಯಾಪದ ಬಿಡಿಸಿ ಹೇಳಿಕೊಡುವ ಆ್ಯಪ್: ವರ್ಷದ ಮೇಲೆ ಬಳಸಿದ ಅನುಭವ

ಕ್ರಿಯಾಪದ ಕೊಟ್ಟರೆ ಎಲ್ಲ ಕಾಲದ ರೂಪಗಳನ್ನೂ ತೋರಿಸುವ ಆ್ಯಪ್‌ಗಳು ಬೇಕಾದಷ್ಟಿವೆ. ಇದರಲ್ಲಿ ಪ್ರತಿ ರೂಪದ ಕೆಳಗೂ ಎರಡು ಸಾಲು ಬರುತ್ತದೆ. ಮೊದಲನೆಯದು ಬರಹವನ್ನು ಬಿಡಿಸಿದ್ದು, ಎರಡನೆಯದು ಬಾಯಲ್ಲಿ ನಿಜವಾಗಿ ಬರುವ ಉಚ್ಚಾರಾಂಶ. ನನಗೆ ಕೊಟ್ಟ ದುಡ್ಡು ವಸೂಲಾಗಿದ್ದು ಈ ಎರಡನೇ ಸಾಲಿನಿಂದಲೇ.

'ಪಾರ್ಲೆ', ಅಂದರೆ ಮಾತಾಡು, ತಗೊಳ್ಳಿ. 'ಅವರು ಮಾತಾಡುತ್ತಾರೆ' ಅನ್ನೋಕೆ ಕೊನೆಯಲ್ಲಿ ಇ, ಎನ್, ಟಿ ಬರೆಯಬೇಕು. ಬರಹದಲ್ಲಿ ಎರಡು ತುಂಡು, ಬಾಯಲ್ಲಿ ಒಂದೇ: 'ಪಾರ್ಲ್'. ನಾನು, ನೀನು, ಅವನು, ಅವರು ನಾಲ್ಕಕ್ಕೂ ಅದೇ ಸದ್ದು. ಬರೆದಿದ್ದನ್ನೆಲ್ಲ ಓದಿಯೇ ಅಭ್ಯಾಸವಾದ ನಮಗೆ ಇದು ಬೇಗ ಒಗ್ಗಲ್ಲ. 'ಫಿನೀರ್', ಅಂದರೆ ಮುಗಿಸು, ಹಾಗಲ್ಲ. ಅವನಿಗಾದರೆ 'ಫಿ-ನಿ', ಅವರಿಗಾದರೆ 'ಫಿ-ನಿಸ್'. ಆ ಕೊನೆಯ 'ಸ್' ಕೇಳಿಸಿದರೇನೇ ಬಹುವಚನ. ಎರಡನ್ನೂ ಒಂದೇ ಪರದೆಯಲ್ಲಿ ನೋಡಿದಾಗ ತಲೆಗೆ ಹೋಯಿತು.

ಇನ್ನು ತಕರಾರು. ನಿಧಾನವಾಗಿ ಕೇಳುವ ಗುಂಡಿಯನ್ನು ಮುಟ್ಟಲೇಬೇಡಿ. ಮಾಮೂಲಿ ವೇಗದಲ್ಲಿ ಸರಿಯಾಗಿ 'ಪಾರ್ಲ್' ಅನ್ನುವ ಅದೇ ದನಿ, ನಿಧಾನ ಮಾಡಿದರೆ 'ಪಾರ್-ಲ' ಅಂತ ಇಲ್ಲದ ಬಾಲ ಅಂಟಿಸುತ್ತದೆ. ಹೊಸಬರು ಕಲಿಯೋದೇ ಆ ಗುಂಡಿ ಒತ್ತಿ, ಅಲ್ವಾ? ಇನ್ನೊಂದು, ಕ್ರಿಯಾಪದವನ್ನು ಸರ್ವನಾಮ ಬಿಟ್ಟು ಒಂಟಿಯಾಗಿ ಓದುತ್ತದೆ. ಪ್ರೀತಿಸು ಅನ್ನುವ 'ಎಮೆ'ಯಲ್ಲಿ 'ಅವನು' ಅಂದರೆ 'ಇ-ಲೆಮ್', 'ಅವರು' ಅಂದರೆ 'ಇಲ್-ಜ಼ೆಮ್'. ಸರ್ವನಾಮದ ಕೊನೆಯ ಅಕ್ಷರ ಜಾರಿ ಕ್ರಿಯಾಪದದ ತಲೆಗೆ ಕೂರುತ್ತದೆ. ಎರಡಕ್ಕೂ ವ್ಯತ್ಯಾಸ ಇರೋದೇ ಅಲ್ಲಿ. ಆ್ಯಪಿನಲ್ಲಿ ಎರಡೂ ಸುಮ್ನೆ 'ಎಮ್'.

ಫ್ರೆಂಚ್ ಮೇಷ್ಟ್ರುಗಳ ಹಳೇ ಚೇಷ್ಟೆಯ ವಾಕ್ಯವೊಂದಿದೆ: ಮಠದ ಕೋಳಿಗಳು ಕಾವು ಕೂರುತ್ತವೆ. ಮಠಕ್ಕೂ ಕಾವು ಕೂರುವುದಕ್ಕೂ ಅಕ್ಷರ ಒಂದೇ. ಮಠ 'ಕೂ-ವಾಂ', ಕಾವು ಬರೀ 'ಕೂವ್'. ಹುಡುಕಿ ನೋಡಿದೆ, ಇದನ್ನು ಮಾತ್ರ ತಪ್ಪಿಲ್ಲದೆ ಹೇಳಿತು. ಶಭಾಷ್.

ಪದ್ಯ ಓದೋಕೆ ಇದನ್ನು ನಂಬಬೇಡಿ. 12 ಉಚ್ಚಾರಾಂಶದ ಅಲೆಕ್ಸಾಂಡ್ರಿನ್ ಸಾಲಿನ ನಡುವೆ 'ಅವರು'ವಿನ ಆ 'ಪಾರ್ಲ್' ಬಂದರೆ ಎರಡು ಅಂತಲೇ ಲೆಕ್ಕ. ಆಡುಮಾತಿಗೆ, ಪರೀಕ್ಷೆಯ ಮೌಖಿಕಕ್ಕೆ ಧಾರಾಳವಾಗಿ ಸಾಕು. ಮಾಮೂಲಿ ವೇಗದಲ್ಲೇ ಕೇಳಿ, ಎರಡನೇ ಸಾಲು ನೋಡಿ ಜೋರಾಗಿ ಹೇಳಿ. ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ.