ಕಾಫಿಗೆ ಸೋಯಾ, ಮೊಸರಿಗೆ ಕಡಲೆಕಾಯಿ: ಅಂಗಡಿಯ ಸಸ್ಯಜನ್ಯ ‘ಹಾಲು’ಗಳ ವಿಮರ್ಶೆ

ಸೊಪ್ಪು, ಕಾಳು, ರಾಗಿ ನಮ್ಮ ಅಡುಗೆಮನೆಗೆ ಹೊಸದಲ್ಲ. ಊಟವನ್ನು ಬಹುಪಾಲು ಸಸ್ಯಮೂಲಕ್ಕೆ ತಿರುಗಿಸಲು ಹೊರಟ ಸಸ್ಯಾಹಾರಿ ಮನೆ ತಡವರಿಸುವುದು ಹಾಲಿನ ಹತ್ತಿರ, ಅದರಲ್ಲೂ ಬೆಳಗಿನ ಕಾಫಿ ಮತ್ತು ಊಟದ ಕೊನೆಯ ಮೊಸರನ್ನದ ಹತ್ತಿರ. ಸೂಪರ್ ಮಾರ್ಕೆಟ್ಟಿನ ಸೋಯಾ, ಓಟ್ಸ್, ಬಾದಾಮಿ ಪ್ಯಾಕ್‌ಗಳನ್ನು ರುಚಿಯ ಜೊತೆಗೆ ಪ್ರೋಟೀನ್, ಕ್ಯಾಲ್ಸಿಯಂ, ಸಕ್ಕರೆಯ ಲೆಕ್ಕದಲ್ಲೂ ಒರೆಗೆ ಹಚ್ಚಿದರೆ ನಿಲ್ಲುವುದು ಒಂದೇ, ಸಕ್ಕರೆ ಹಾಕದ ಸೋಯಾ.

ಪ್ಯಾಕ್ ಮೇಲೆ ‘ಹಾಲು’ ಎಂದು ಹುಡುಕಬೇಡಿ. ಸೋಯಾ, ಬಾದಾಮಿಯಂಥ ಹೈನು ಅಲ್ಲದ ಉತ್ಪನ್ನಕ್ಕೆ ಆ ಹೆಸರು ಹಾಕಲು ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ಬಿಡುವುದಿಲ್ಲ, ಹಾಗಾಗಿ ‘ಡ್ರಿಂಕ್’, ‘ಬೆವರೇಜ್’ ಎಂದಿರುತ್ತದೆ. ಹಸಿರು ಚುಕ್ಕಿ ನೋಡಿಯೂ ಪ್ರಯೋಜನವಿಲ್ಲ, ತುಪ್ಪದ ಡಬ್ಬಿಗೂ ಅದೇ ಚುಕ್ಕಿ. ಹೈನು ಪೂರ್ತಿ ಬೇಡ ಎನ್ನುವವರು 2022ರ ವೀಗನ್ ಆಹಾರ ನಿಯಮದ ಹಸಿರು ‘ವಿ’ ಗುರುತನ್ನು ನೋಡಬೇಕು. ಉಳಿದವರು ಪ್ಯಾಕ್ ತಿರುಗಿಸಿ ಹಿಂದಿನ ಪಟ್ಟಿ ಓದಿದರೆ ಸಾಕು.

ಆ ಪಟ್ಟಿಯಲ್ಲಿ ಬಾದಾಮಿಯ ಬಣ್ಣ ಬೇಗ ಬಯಲಾಗುತ್ತದೆ. ಬಾದಾಮಿ ಶೇ 3 ಎಂದಿದ್ದರೆ ಲೀಟರಿಗೆ 30 ಗ್ರಾಂ, ಅಂದರೆ ಸುಮಾರು 25 ಬಾದಾಮಿ. 200 ಮಿ.ಲೀ. ಲೋಟಕ್ಕೆ ಬರುವುದು ಐದು, ಪ್ರೋಟೀನ್ ಒಂದು ಗ್ರಾಂ ಚಿಲ್ಲರೆ. ಉಳಿದದ್ದು ನೀರು, ಅಂಟು, ಸುವಾಸನೆ. ಇದಕ್ಕೆ ಅಷ್ಟು ದುಡ್ಡು ಕೊಡುವ ಬದಲು ಐದು ಬಾದಾಮಿ ನೆನೆಸಿಟ್ಟು ತಿನ್ನುವುದೇ ಲೇಸು.

ಓಟ್ಸ್ ಕಾಫಿಯಲ್ಲಿ ಚೆನ್ನಾಗಿ ಬೆರೆಯುತ್ತದೆ, ಒಡೆಯುವುದು ಕಡಿಮೆ. ರುಚಿಯೊಂದನ್ನೇ ನೋಡುವುದಾದರೆ ಮೊದಲ ಸ್ಥಾನ ಇದಕ್ಕೇ. ಆದರೆ ತಯಾರಿಕೆಯಲ್ಲಿ ಕಿಣ್ವ ಹಾಕಿ ಪಿಷ್ಟವನ್ನು ಮಾಲ್ಟೋಸ್ ಆಗಿ ಒಡೆಯುವುದರಿಂದ ‘ಸಕ್ಕರೆ ಸೇರಿಸಿಲ್ಲ’ ಎಂದಿದ್ದರೂ ಸಿಹಿ ಇದ್ದೇ ಇರುತ್ತದೆ. ಪ್ರೋಟೀನ್ 100 ಮಿ.ಲೀ.ಗೆ ಒಂದು ಗ್ರಾಂ ಆಸುಪಾಸು. ಮನೆಯಲ್ಲೇ ಓಟ್ಸ್ ರುಬ್ಬಿ ಸೋಸಿದರೆ ಕಿಣ್ವದ ಕೆಲಸ ನಡೆದಿರುವುದಿಲ್ಲ, ಬಿಸಿ ಮಾಡಿದೊಡನೆ ಗಂಜಿಯಾಗಿ ಲೋಳೆ ಲೋಳೆಯಾಗುತ್ತದೆ. ತೆಂಗಿನ ಹಾಲೂ ಸಸ್ಯಮೂಲವೇ ಎನ್ನುವವರಿದ್ದಾರೆ. ನಿಜ, ಆದರೆ ಅದರ ಕೊಬ್ಬು ಹೆಚ್ಚಾಗಿ ಸ್ಯಾಚುರೇಟೆಡ್. ಹೃದಯದ ಕಾಳಜಿಯಿಂದ ಹಾಲು ಕಡಿಮೆ ಮಾಡಿದವರಿಗೆ ಅದರಿಂದ ಲಾಭವಿಲ್ಲ.

ಸಾದಾ ಸೋಯಾ ಮಾತ್ರ 100 ಮಿ.ಲೀ.ಗೆ 3 ಗ್ರಾಂ ಹತ್ತಿರ ಪ್ರೋಟೀನ್ ಕೊಟ್ಟು ಹಸುವಿನ ಹಾಲಿಗೆ ಸರಿಸಾಟಿಯಾಗುತ್ತದೆ. ವೆನಿಲಾ, ಚಾಕೊಲೇಟ್ ನಮೂನೆಗಳನ್ನು ಮುಟ್ಟಬೇಡಿ. 100 ಮಿ.ಲೀ.ಗೆ 5 ಗ್ರಾಂ ಸೇರಿಸಿದ ಸಕ್ಕರೆ ಎಂದಿದ್ದರೆ ಲೋಟಕ್ಕೆ 10 ಗ್ರಾಂ, ಎರಡು ಚಮಚಕ್ಕೂ ಮಿಗಿಲು. ಇನ್ನು ಕ್ಯಾಲ್ಸಿಯಂ. ಸೋಯಾದಲ್ಲಿ ಸಹಜವಾಗಿ ಇರುವುದು ಅಲ್ಪ, ಹಾಗಾಗಿ 100 ಮಿ.ಲೀ.ಗೆ 100ರಿಂದ 120 ಮಿ.ಗ್ರಾಂ ಸೇರಿಸಿರುವುದನ್ನೇ ಆರಿಸಿ. ಹೀಗೆ ಸೇರಿಸಿದ ಕ್ಯಾಲ್ಸಿಯಂ ಪುಡಿ ತಳಕ್ಕೆ ಇಳಿಯುತ್ತದೆ. ಪ್ರತಿ ಸಲ ಜೋರಾಗಿ ಕುಲುಕದೆ ಬಗ್ಗಿಸಿದರೆ ನೀವು ದುಡ್ಡು ಕೊಟ್ಟ ಕ್ಯಾಲ್ಸಿಯಂ ಖಾಲಿ ಪ್ಯಾಕಿನ ಜೊತೆ ಕಸಕ್ಕೆ ಹೋಗುತ್ತದೆ. ದಿನಕ್ಕೆ ಬೇಕಾದ 1000 ಮಿ.ಗ್ರಾಂ ಪೂರ್ತಿ ಇದರಿಂದಲೇ ಬರಲಿ ಎಂದೂ ಕಾಯಬೇಕಿಲ್ಲ. 100 ಗ್ರಾಂ ರಾಗಿಹಿಟ್ಟಿನ ಮುದ್ದೆಯಲ್ಲೇ ಸುಮಾರು 350 ಮಿ.ಗ್ರಾಂ ಇದೆ.

ಸೋಯಾ ಮೇಲಿನ ದೊಡ್ಡ ದೂರು ಕಾಫಿಯಲ್ಲಿ ಒಡೆಯುವುದು. ಟಂಬ್ಲರಿನಲ್ಲಿ ಮೇಲೆ ಬಿಳಿ ಚೂರು, ಕೆಳಗೆ ಕಂದು ನೀರು. ಡಿಕಾಕ್ಷನ್ನಿನ ಹುಳಿಯೂ ಬಿಸಿಯೂ ಒಟ್ಟಿಗೆ ಬಿದ್ದಾಗ ಸೋಯಾ ಪ್ರೋಟೀನ್ ಗಟ್ಟಿಕಟ್ಟುತ್ತದೆ, ಅಷ್ಟೆ. ಸೋಯಾವನ್ನು ಕುದಿಸದೆ, ಹಬೆ ಏಳುವಾಗಲೇ ಇಳಿಸಿ ಮೊದಲು ಲೋಟಕ್ಕೆ ಹಾಕಿ. ಡಿಕಾಕ್ಷನ್ನನ್ನು ಎರಡು ನಿಮಿಷ ಆರಲು ಬಿಟ್ಟು ಅದರ ಮೇಲೆ ನಿಧಾನವಾಗಿ ಬಿಡಿ. ಬೆಳಗ್ಗೆ ಇಳಿಸಿದ ಡಿಕಾಕ್ಷನ್ ಸಂಜೆಗೆ ಇನ್ನಷ್ಟು ಹುಳಿಯಾಗಿರುತ್ತದೆ, ಅದು ಬೇಡ. ಕಡುವಾಗಿ ಹುರಿದ, ಚಿಕೋರಿ ಬೆರೆತ ಪುಡಿಯಲ್ಲಿ ಹುಳಿ ಕಡಿಮೆ, ಶುದ್ಧ ಅರೇಬಿಕಾದಲ್ಲಿ ಹೆಚ್ಚು. ‘ಬರಿಸ್ತಾ’ ಎಂದು ಮಾರುವ ಪ್ಯಾಕ್‌ಗಳಲ್ಲಿ ಹುಳಿ ತಡೆಯುವ ಫಾಸ್ಫೇಟ್ ಲವಣ ಸೇರಿಸಿರುತ್ತಾರೆ. ಪಟ್ಟಿಯಲ್ಲಿ 340 ಎಂಬ ಸಂಖ್ಯೆ ಕಂಡರೆ ಅದೇ.

ಮೊಸರಿಗೆ ಅಂಗಡಿಯ ಪ್ಯಾಕ್ ಬೇಡ. ಓಟ್ಸ್, ಬಾದಾಮಿ ಹೆಪ್ಪಾಗುವುದೇ ಇಲ್ಲ, ಏಕೆಂದರೆ ಹೆಪ್ಪುಗಟ್ಟಲು ಪ್ರೋಟೀನ್ ಬೇಕು. ಮನೆಯ ಕಡಲೆಕಾಯಿ ಮೊಸರು ಇವೆಲ್ಲಕ್ಕಿಂತ ಮೇಲು. 200 ಗ್ರಾಂ ಕಡಲೆಕಾಯಿ ಬೀಜವನ್ನು ಆರೇಳು ಗಂಟೆ ನೆನೆಸಿ, ಸಿಪ್ಪೆ ಉಜ್ಜಿ ತೆಗೆದು, 600 ಮಿ.ಲೀ. ನೀರಿನಲ್ಲಿ ನುಣ್ಣಗೆ ರುಬ್ಬಿ, ಬಟ್ಟೆಯಲ್ಲಿ ಹಿಂಡಿ. ಸಣ್ಣ ಉರಿಯಲ್ಲಿ ಕೈಯಾಡಿಸುತ್ತಾ ಕುದಿಸಿ, ಬಿಟ್ಟರೆ ತಳ ಹಿಡಿಯುತ್ತದೆ. ಉಗುರುಬೆಚ್ಚಗಾದ ಮೇಲೆ ಏಳೆಂಟು ಹಸಿಮೆಣಸಿನಕಾಯಿ ತೊಟ್ಟು ಹಾಕಿ ಮುಚ್ಚಿಡಿ. ತೊಟ್ಟಿನಲ್ಲಿರುವ ಬ್ಯಾಕ್ಟೀರಿಯಾ ಅದನ್ನು ಹುಳಿಗಟ್ಟಿಸುತ್ತವೆ. ಮೊದಲ ಬಾರಿಯದು ಸಡಿಲವಾಗಿ, ಹುಳಿ ಸಾಲದೆ ಬರುವುದು ಸಹಜ. ಅದರಿಂದ ಒಂದು ಚಮಚ ತೆಗೆದು ಮುಂದಿನದಕ್ಕೆ ಹೆಪ್ಪು ಹಾಕಿದರೆ ಗಟ್ಟಿಯಾಗುತ್ತದೆ. ಚಳಿಗಾಲದಲ್ಲಿ ಎಂಟು ಗಂಟೆ ಸಾಲದು, ರಾತ್ರಿ ಹಾಕಿದ್ದನ್ನು ಬೆಳಗ್ಗೆಯೂ ಬಿಡಿ. ಮೊಸರನ್ನಕ್ಕೆ, ಒಗ್ಗರಣೆ ಮಜ್ಜಿಗೆಗೆ ಒಪ್ಪುತ್ತದೆ. ಮಜ್ಜಿಗೆಹುಳಿಗೆ ಒಲೆ ಆರಿಸಿದ ಮೇಲೆ ಬೆರೆಸಿ, ಕುದಿಸಿದರೆ ಒಡೆಯುತ್ತದೆ.

ಬೆಲೆಯಲ್ಲಿ ಸೋಯಾ ಪ್ಯಾಕ್ ಸಾಮಾನ್ಯ ಹಾಲಿನ ಎರಡು ಮೂರು ಪಟ್ಟು, ಓಟ್ಸ್ ಇನ್ನೂ ಮೇಲೆ. ದಿನವೂ ಬೇಕೆನ್ನುವವರು ಮನೆಯಲ್ಲೇ ಮಾಡಬಹುದು. 100 ಗ್ರಾಂ ಸೋಯಾಕಾಳನ್ನು ನೆನೆಸಿ ಕುದಿಯುವ ನೀರಿನಲ್ಲೇ ರುಬ್ಬಿದರೆ ಹಸಿಕಾಳಿನ ವಾಸನೆ ಬಾರದು. ತಣ್ಣೀರಿನಲ್ಲಿ ರುಬ್ಬಿದರೆ ಆ ವಾಸನೆ ಹುಟ್ಟಿಸುವ ಕಿಣ್ವಕ್ಕೆ ಅವಕಾಶ ಸಿಗುತ್ತದೆ. ಒಟ್ಟು ಒಂದು ಲೀಟರ್ ನೀರು ಬಳಸಿ ಸೋಸಿ ಹದಿನೈದು ನಿಮಿಷ ಕುದಿಸಲೇಬೇಕು, ಹಸಿ ಸೋಯಾ ಪ್ರೋಟೀನ್ ಜೀರ್ಣವನ್ನೇ ತಡೆಯುತ್ತದೆ. ಉಳಿದ ಚರಟ ಅಕ್ಕಿರೊಟ್ಟಿಗೆ. ಆದರೆ ಈ ಮನೆಯ ಸೋಯಾದಲ್ಲಿ ಸೇರಿಸಿದ ಕ್ಯಾಲ್ಸಿಯಂ ಇರುವುದಿಲ್ಲ, ವಿಟಮಿನ್ ಬಿ12 ಅಂತೂ ಇಲ್ಲವೇ ಇಲ್ಲ. ಹಾಲು, ಮೊಸರು, ಮೊಟ್ಟೆ ಎಲ್ಲ ಬಿಟ್ಟವರಿಗೆ ಬಿ12 ಮಾತ್ರೆ ಐಚ್ಛಿಕವಲ್ಲ. ದಿನಕ್ಕೊಂದು ಬಟ್ಟಲು ಹಸುವಿನ ಮೊಸರು ಉಳಿಸಿಕೊಂಡವರೂ ಒಮ್ಮೆ ರಕ್ತಪರೀಕ್ಷೆ ಮಾಡಿಸುವುದು ಒಳ್ಳೆಯದು.

ಥೈರಾಯ್ಡ್ ಮಾತ್ರೆ ನುಂಗುವವರು ಸೋಯಾ ಕಾಫಿಯನ್ನು ಅದರ ಬೆನ್ನಿಗೇ ಕುಡಿಯಬಾರದು. ಸೋಯಾವೂ ಕ್ಯಾಲ್ಸಿಯಂ ಕೂಡ ಮಾತ್ರೆ ಹೀರಿಕೆಯಾಗುವುದನ್ನು ತಗ್ಗಿಸುತ್ತವೆ. ನಾಲ್ಕು ಗಂಟೆ ಅಂತರವಿಟ್ಟು ಸಂಜೆ ಕಾಫಿಗೆ ಬಳಸಿ.