ಡಿಬಿಟಿ ಕರ್ನಾಟಕ ಆ್ಯಪ್: ಅತ್ತೆಯ ಹಣ ಎಲ್ಲಿದೆ ಅಂತ ತೋರಿಸಿತು

ನಮ್ಮ ಅತ್ತೆಗೆ ಬರುತ್ತಿದ್ದ ಗೃಹಲಕ್ಷ್ಮಿ ಹಣ ನಿಂತೇ ಹೋಗಿತ್ತು. ಬ್ಯಾಂಕಿನಲ್ಲಿ ಕೇಳಿದರೆ "ಸರ್ಕಾರ ಹಾಕಿಲ್ಲಮ್ಮ" ಎಂದರು. ವಿಷಯ ಗೊತ್ತಾಗಿದ್ದು ಈ ಡಿಬಿಟಿ (ಸರ್ಕಾರದ ಹಣ ನೇರ ಖಾತೆಗೆ ವರ್ಗಾವಣೆ) ಆ್ಯಪ್‌ನಿಂದ. ಆಧಾರ್ ನಂಬರ್ ಕೊಟ್ಟು, ಒಟಿಪಿ ಹಾಕಿ, ಪಿನ್ ಇಟ್ಟುಕೊಂಡರೆ ಆಯಿತು. ಯಾವ ಯೋಜನೆಯ ಹಣ ಯಾವ ಬ್ಯಾಂಕಿಗೆ ಹೋಗಿದೆ ಎಂದು ತೋರಿಸುತ್ತದೆ. ಅತ್ತೆಯ ಹಣ ಬಂದೇ ಇತ್ತು, ಆದರೆ ಸಂಘದ ಸಾಲಕ್ಕೆಂದು ತೆರೆದ ಇನ್ನೊಂದು ಖಾತೆಗೆ! ಆಧಾರ್ ಕೊನೆಯದಾಗಿ ಯಾವ ಖಾತೆಗೆ ಜೋಡಣೆಯಾಗಿದೆಯೋ ಹಣ ಅಲ್ಲಿಗೇ ಹೋಗುತ್ತದೆ. ಇದನ್ನು ಕೌಂಟರಿನಲ್ಲಿ ಯಾರೂ ಬಿಡಿಸಿ ಹೇಳಲಿಲ್ಲ.

ಮುಂದಿನ ಕಂತು ಯಾವಾಗ ಅನ್ನೋದನ್ನೂ ಸರ್ಕಾರ ಈ ಆ್ಯಪ್‌ನಲ್ಲೇ ತೋರಿಸಬೇಕು. 2025-26ರ ಬಜೆಟ್‌ನಲ್ಲಿ ಗೃಹಲಕ್ಷ್ಮಿಗೆ 28,608 ಕೋಟಿ ರೂಪಾಯಿ ಇಟ್ಟರು. ಲೆಕ್ಕ ಹಾಕಿದರೆ ಸುಮಾರು 1.19 ಕೋಟಿ ಹೆಂಗಸರಿಗೆ 12 ತಿಂಗಳೂ 2,000 ಕೊಡುವಷ್ಟು ದುಡ್ಡು. ಇಟ್ಟ ದುಡ್ಡು ತಿಂಗಳು ತಿಂಗಳೂ ಬಿಡುಗಡೆಯಾಗಬೇಕು, ಅಲ್ವಾ? ಕಂತುಗಳು ಒಟ್ಟಿಗೆ ಬಂದರೆ ಅತ್ತೆಯ ಬಿಪಿ ಮಾತ್ರೆ ಅಲ್ಲಿವರೆಗೆ ಕಾಯೋದಿಲ್ಲ.

ಮನೆಯಲ್ಲಿ ವೃದ್ಧಾಪ್ಯ ವೇತನ, ವಿಧವಾ ವೇತನ ಪಡೆಯುವವರಿದ್ದರೆ ಅವರ ಫೋನಿಗೆ ಈ ಆ್ಯಪ್ ಹಾಕಿಕೊಡಿ. ಪಿನ್ ಮಾತ್ರ ಅವರೇ ಇಟ್ಟುಕೊಳ್ಳಲಿ.