16 ಆಂಪ್ಸ್ ಪ್ಲಗ್ ಮೀಟರ್: ಫ್ರಿಜ್ಜಿಗೆ ಸರಿ, ರಾಡಿಗೆ ಬೇಕಿಲ್ಲ

ಗೋಡೆಯ ಸಾಕೆಟ್ಟಿಗೂ ಉಪಕರಣದ ಪ್ಲಗ್ಗಿಗೂ ನಡುವೆ ಸಿಕ್ಕಿಸುವ ಈ ಡಬ್ಬಿ ಮೈಸೂರಿನಲ್ಲಿ ಸಾವಿರ ರೂಪಾಯಿ ಆಸುಪಾಸಿಗೆ ಸಿಗುತ್ತದೆ. ವೋಲ್ಟೇಜ್, ಆಂಪ್ಸ್, ವ್ಯಾಟ್, ಯೂನಿಟ್ ತೋರಿಸುತ್ತದೆ. ಅಗ್ಗ ಅಂತ 10 ಆಂಪ್ಸ್‌ನದನ್ನು ತಂದು ಗೀಸರ್‌ಗೆ ಹಾಕಬೇಡಿ. 2000 ವ್ಯಾಟ್ ಗೀಸರ್ 8.7 ಆಂಪ್ಸ್ ಎಳೆಯುತ್ತದೆ, 10ರ ಮಿತಿಗೆ ತೀರ ಹತ್ತಿರ. ಪಿನ್ ತುಸು ಸಡಿಲವಿದ್ದರೂ ಪ್ಲಾಸ್ಟಿಕ್ ಕರಗೀತು.

ನೀರು ಕಾಯಿಸುವ ರಾಡಿನ ದಕ್ಷತೆಗೆ ಲೆಕ್ಕ ಸುಲಭ. ಲೀಟರನ್ನು ಏರಿದ ಡಿಗ್ರಿಯಿಂದ ಗುಣಿಸಿ 860ರಿಂದ ಭಾಗಿಸಿದರೆ ನೀರಿಗೆ ಸೇರಿದ ಯೂನಿಟ್. 15 ಲೀಟರ್ 24ರಿಂದ 54 ಡಿಗ್ರಿಗೆ ಬಂದರೆ 0.523. ಮೀಟರ್ 0.57 ತೋರಿಸಿದರೆ ದಕ್ಷತೆ ಶೇ. 92. ಥರ್ಮಾಮೀಟರ್ ಇಳಿಸುವ ಮುಂಚೆ ಪ್ಲಗ್ ಕಿತ್ತು, ನೀರನ್ನು ಚೆನ್ನಾಗಿ ಕಲಕಿ. ಮೇಲಿನ ನೀರಷ್ಟೇ ಬಿಸಿಯಿದ್ದರೆ ಲೆಕ್ಕ ಶೇ. 100 ದಾಟಿಬಿಡುತ್ತದೆ. ಬಕೆಟ್ಟಿಗೆ ಮುಚ್ಚಳವಿಲ್ಲದಿದ್ದರೆ ದಕ್ಷತೆ ಇಳಿಯುತ್ತದೆ. ರಾಡಿನ ಮೇಲೆ ಬೋರ್‌ವೆಲ್ ನೀರಿನ ಬಿಳಿ ಪದರ ಕಟ್ಟಿದರೆ ಕರೆಂಟ್ ಹೆಚ್ಚು ತಿನ್ನುತ್ತದೆ ಅನ್ನುತ್ತಾರೆ. ಹಾಗೇನಿಲ್ಲ, ಶಾಖ ಹೋಗುವುದು ನೀರಿಗೇ. ರಾಡ್ ಬೇಗ ಸುಟ್ಟುಹೋಗುತ್ತದೆ, ಅಷ್ಟೆ.

ಇಷ್ಟಕ್ಕೆ ದುಡ್ಡು ಕೊಟ್ಟು ಮೀಟರ್ ತರುವ ಅಗತ್ಯವೇ ಇಲ್ಲ. ಮನೆಯ ವಿದ್ಯುತ್ ಮೀಟರಿನ ಮೇಲೆ ಯೂನಿಟ್ಟಿಗೆ ಎಷ್ಟು ಮಿಣುಕು ಎಂದು ಅಚ್ಚಾಗಿರುತ್ತದೆ. 3200 ಎಂದಿದ್ದರೆ, ಉಳಿದದ್ದೆಲ್ಲ ಆಫ್ ಮಾಡಿ 1000 ವ್ಯಾಟ್ ರಾಡ್ ಹಾಕಿದಾಗ ಕೆಂಪು ದೀಪ ನಿಮಿಷಕ್ಕೆ 53 ಸಲ ಮಿಣುಕಬೇಕು. ಸಂಜೆ 40 ಬಂದರೆ ರಾಡ್ ಕೆಟ್ಟಿದೆ ಅನ್ನಬೇಡಿ: 230 ವೋಲ್ಟ್ 200ಕ್ಕೆ ಇಳಿದರೆ 1000 ವ್ಯಾಟ್ 756ಕ್ಕೆ ಬರುತ್ತದೆ. ಕಾಯಲು ಹೊತ್ತು ಹಿಡಿಯುತ್ತದೆ, ಯೂನಿಟ್ ಹೆಚ್ಚುಕಡಿಮೆ ಅಷ್ಟೇ.

ಡಬ್ಬಿಗೆ ಬೆಲೆ ಬರುವುದು ಫ್ರಿಜ್ಜಿನಲ್ಲಿ. ಕಂಪ್ರೆಸರ್ ಆನ್ ಆಫ್ ಆಗುತ್ತಿರುವುದರಿಂದ ಅರ್ಧ ಗಂಟೆಯ ಅಳತೆ ದಂಡ. 24 ಗಂಟೆ ಬಿಟ್ಟು, ಬಂದ ಯೂನಿಟ್ಟನ್ನು 365ರಿಂದ ಗುಣಿಸಿ, ಸ್ಟಾರ್ ಲೇಬಲ್ಲಿನ ವಾರ್ಷಿಕ ಅಂಕಿಗೆ ಹೋಲಿಸಿ. ಲೇಬಲ್ 200 ಅಂದರೆ ದಿನಕ್ಕೆ 0.55 ಇರಬೇಕು. ಏಪ್ರಿಲ್ ಬಿಸಿಲಲ್ಲಿ ತುಸು ಜಾಸ್ತಿ ಬಂದರೆ ಚಿಂತೆಯಿಲ್ಲ. ಒಂದು ಯೂನಿಟ್ ದಾಟಿದರೆ ಮೊದಲು ಬಾಗಿಲಿನ ರಬ್ಬರ್ ನೋಡಿ, ಕಾಗದ ಸಿಕ್ಕಿಸಿ ಎಳೆದರೆ ಬಿಗಿಯಾಗಿರಬೇಕು. ಗೃಹಜ್ಯೋತಿಯವರು 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ ಕಟ್ಟಬೇಕು, ಹಾಗಾಗಿ ಈ ರಬ್ಬರ್ ಸಣ್ಣ ವಿಷಯವಲ್ಲ.

ಕೊಳ್ಳುವಾಗ ಅಂಗಡಿಯಲ್ಲೇ ಎರಡು ಪರೀಕ್ಷೆ. ಪವರ್ ಫ್ಯಾಕ್ಟರ್ (ವೋಲ್ಟ್, ಆಂಪ್ಸ್ ಗುಣಿಸಿದಾಗ ಬರುವುದರಲ್ಲಿ ನಿಜವಾದ ವ್ಯಾಟ್‌ನ ಪಾಲು) ತೋರಿಸದೆ ಬರೀ ವೋಲ್ಟನ್ನು ಆಂಪ್ಸ್‌ನಿಂದ ಗುಣಿಸುವ ಮೀಟರ್ ಫ್ರಿಜ್ಜಿಗೆ ಸುಳ್ಳು ಹೇಳುತ್ತದೆ, ಬೇಡ. ಆಮೇಲೆ ಸ್ವಲ್ಪ ಯೂನಿಟ್ ಓಡಿಸಿ, ಕಿತ್ತು ಮತ್ತೆ ಹಾಕಿ. ಅಂಕಿ ಸೊನ್ನೆಯಾದರೆ ವಾಪಸ್ ಕೊಡಿ. 23ನೇ ಗಂಟೆಯಲ್ಲಿ ಕರೆಂಟ್ ಹೋದರೆ ಅಳತೆ ಮೊದಲಿಂದ.